ಓವರ್‌ಡ್ರೈವ್ ಪೆಡಲ್ ಕಟ್ಟುವವನಿಗೆ ಎಸ್.ಪಿ. ರಸ್ತೆ ಎಷ್ಟು ಒದಗುತ್ತದೆ?

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರಸ್ತೆ, ಕಂಪ್ಯೂಟರ್ ಬಿಡಿಭಾಗಗಳಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್ ಸಾಮಾನಿಗೂ ಹೆಸರಾದದ್ದು. ನಾನು ಅಲ್ಲಿಗೆ ಹೋದ ಕೆಲಸ ಸ್ವಲ್ಪ ಬೇರೆಯದು. ಎಲೆಕ್ಟ್ರಿಕ್ ಗಿಟಾರಿನ ಓವರ್‌ಡ್ರೈವ್ ಪೆಡಲ್ ಒಂದನ್ನು, ಅಂದರೆ ಗಿಟಾರಿನ ಸದ್ದಿಗೆ ಒರಟು ಮೆರುಗು ಕೊಡುವ, ಕಾಲಲ್ಲಿ ಒತ್ತುವ ಡಬ್ಬಿಯನ್ನು, ಹೊರಗಿನಿಂದ ಏನನ್ನೂ ತರಿಸದೆ, ಆ ರಸ್ತೆಯಲ್ಲಿ ಸಿಕ್ಕ ಸಾಮಾನಿನಿಂದಲೇ ಪೂರ್ತಿ ಕಟ್ಟಬಹುದೇ ಎಂದು ನೋಡಬೇಕಿತ್ತು. ಎರಡು ಶನಿವಾರ ಸುತ್ತಾಡಿದೆ, ಮೂರು ವಾರ ಬೆಸುಗೆ ಹಾಕಿದೆ, ಅದಕ್ಕಿಂತ ಹೆಚ್ಚು ಕಾಲ ತಪ್ಪು ಹುಡುಕಿದೆ. ಅಂಗಡಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂದು ಒಂದು ಕೌಂಟರಿನಲ್ಲಿದ್ದ ಸರಕು ಮುಂದಿನ ವಾರ ಎದುರು ಸಾಲಿನ ಕೌಂಟರಿಗೆ ಹೋಗಿರುವ ಆ ಜಾಗದಲ್ಲಿ ಹೆಸರು ಬರೆದು ಓದುಗರಿಗೆ ಉಪಕಾರವೇನೂ ಆಗದು. ತೀರ್ಪನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಸರ್ಕ್ಯೂಟಿನ ಒಳಗೆ ಕೂರುವ ಭಾಗಗಳಿಗೆ ಈ ರಸ್ತೆ ಬಹಳ ಒಳ್ಳೆಯದು, ಕಾಲು ತುಳಿಯುವ, ಬೆರಳು ತಿರುಗಿಸುವ, ಕೇಬಲ್ ಚುಚ್ಚುವ ಭಾಗಗಳಿಗೆ ಅಷ್ಟಕ್ಕಷ್ಟೆ. ಪೆಡಲ್ ಕೈಕೊಡುವುದು ಬಹುಪಾಲು ಈ ಎರಡನೆಯ ಬಗೆಯ ಭಾಗಗಳಿಂದಲೇ ಎಂಬುದನ್ನು ನಾನು ಕಲಿತದ್ದು ತಡವಾಗಿ.

ಕಟ್ಟಲು ಆರಿಸಿಕೊಂಡದ್ದು ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟನ್ನು. 1970ರ ದಶಕದ ಕೊನೆಯಲ್ಲಿ ಜಪಾನಿನ ಮ್ಯಾಕ್ಸನ್ ಸಂಸ್ಥೆಯಲ್ಲಿ ಸುಸುಮು ತಮುರಾ ರೂಪಿಸಿ, ಐಬನೇಜ್ ಹೆಸರಿನಲ್ಲಿ ಟಿಎಸ್ 808 ಎಂದು ಮಾರಾಟಕ್ಕೆ ಬಂದ ಹಸಿರು ಡಬ್ಬಿ ಅದು. ಅದರ ಹೃದಯದಲ್ಲಿರುವುದು 4558 ಎಂಬ ಎಂಟು ಕಾಲಿನ ಜೋಡಿ ಆಪ್-ಆಂಪ್, ಅಂದರೆ ಎರಡು ವರ್ಧಕಗಳನ್ನು ಒಳಗಿಟ್ಟುಕೊಂಡ ಒಂದು ಐಸಿ (ಚಿಪ್). ಈ ಐಸಿಯ ಬಗ್ಗೆ ಗಿಟಾರ್ ವಾದಕರು ದೇವರ ಪ್ರಸಾದದ ಬಗ್ಗೆ ಮಾತಾಡುವಂತೆ ಮಾತಾಡುತ್ತಾರೆ, ಹಳೆಯ ಜಪಾನಿ ಮುದ್ರೆಯದೇ ಬೇಕೆಂದು ಹಟ ಹಿಡಿಯುತ್ತಾರೆ. ಎಸ್.ಪಿ. ರಸ್ತೆಯಲ್ಲಿ ಅದಕ್ಕೆ ಅಂಥ ಮಡಿಯೇನೂ ಇಲ್ಲ. ನಮ್ಮ ಊರುಗಳಲ್ಲಿ ಅಸೆಂಬಲ್ ಮಾಡಿ ಮಾರುವ ಆಂಪ್ಲಿಫೈಯರುಗಳ ಬಾಸ್-ಟ್ರೆಬಲ್ ಬೋರ್ಡುಗಳಲ್ಲಿ ಕೂರುವುದು ಇದೇ 4558. ಹಾಗಾಗಿ ಕೌಂಟರಿನ ಹುಡುಗನಿಗೆ ಅದರ ನಂಬರ್ ಹೇಳಿ ಮುಗಿಸುವ ಮೊದಲೇ ಅವನು ಪ್ಲಾಸ್ಟಿಕ್ ನಳಿಗೆಯಿಂದ ನಾಲ್ಕನ್ನು ಉದುರಿಸಿ, ‘ಎಷ್ಟು ಬೇಕು ಸಾರ್, ಟೋನ್ ಬೋರ್ಡಿಗಾ?’ ಎಂದು ಕೇಳಿದ. ಗಿಟಾರಿಗೆ ಎಂದಾಗ ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ವಿಶೇಷ ಇಲ್ಲ ಕೂಡ. ನಾಲ್ಕೂ ಐಸಿಗಳನ್ನು ಒಂದಾದ ಮೇಲೊಂದು ಅದೇ ಸಾಕೆಟ್ಟಿನಲ್ಲಿ ಕೂರಿಸಿ ಕೇಳಿದೆ. ಮುದ್ರೆ ಬೇರೆ ಬೇರೆ ಇದ್ದರೂ ನನ್ನ ಕಿವಿಗೆ ಒಂದೂ ಬೇರೆಯಾಗಿ ಕೇಳಲಿಲ್ಲ. ಐಸಿಯನ್ನು ನೇರವಾಗಿ ಬೆಸೆಯದೆ ಎಂಟು ಕಾಲಿನ ಸಾಕೆಟ್ ಹಾಕಿಕೊಳ್ಳಿ ಎಂಬ ಸಲಹೆಗೆ ಈ ಪ್ರಯೋಗಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಬಿಡಿಭಾಗ ಕೊಳ್ಳುವ ಮೊದಲು ಸರ್ಕ್ಯೂಟಿನಲ್ಲಿ ಯಾವ ಭಾಗದ ಅಳತೆ (ಎಷ್ಟು ಓಮ್, ಎಷ್ಟು ಫ್ಯಾರಡ್) ಮುಖ್ಯ, ಯಾವುದು ಅಲ್ಲ ಎಂದು ತಿಳಿದಿರುವುದು ಈ ರಸ್ತೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಪಟ್ಟಿಯಲ್ಲಿರುವ ಅರ್ಧದಷ್ಟು ಭಾಗಗಳಿಗೆ ‘ಅದಿಲ್ಲ, ಇದಾಗುತ್ತೆ’ ಎಂಬ ಉತ್ತರವೇ ಸಿಗುವುದು. ಮೊದಲ ಆಪ್-ಆಂಪ್ ಹಂತದಲ್ಲಿ 500 ಕಿಲೋ ಓಮಿನ ಡ್ರೈವ್ ಪಾಟ್ (ಗುಂಡಿ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್), ಅದರೊಡನೆ ಸರಣಿಯಲ್ಲಿ 51 ಕಿಲೋ ಓಮಿನ ರೆಸಿಸ್ಟರ್, ಕೆಳಗೆ 4.7 ಕಿಲೋ ಓಮ್ ಇರುತ್ತವೆ. ಹೀಗಾಗಿ ವರ್ಧನೆ ಸುಮಾರು 12 ಪಟ್ಟಿನಿಂದ 118 ಪಟ್ಟಿನವರೆಗೆ ಏರುತ್ತದೆ. ನನಗೆ ಸಿಕ್ಕದ್ದು 470 ಕಿಲೋ ಓಮಿನ ಪಾಟ್. ಲೆಕ್ಕ ಹಾಕಿದರೆ ಗರಿಷ್ಠ ವರ್ಧನೆ 112 ಪಟ್ಟಿಗೆ ಇಳಿಯುತ್ತದೆ, ಅಂದರೆ ಅರ್ಧ ಡೆಸಿಬಲ್ ಕಡಿಮೆ. ಅದನ್ನು ಕಿವಿ ಗುರುತಿಸಲಾರದು. 51 ಪಿಕೊಫ್ಯಾರಡ್ ಕೇಳಿದಲ್ಲಿ 47 ಕೊಟ್ಟರು, ಅದೂ ಸರಿಯೇ. ಸದ್ದಿನ ಅಲೆಯ ತುದಿಗಳನ್ನು ಕತ್ತರಿಸಿ ಒರಟು ತರುವ 1ಎನ್ 914 ಡಯೋಡಿನ ಬದಲು 1ಎನ್ 4148 ಬಂತು, ಅದಂತೂ ಅದರ ತಮ್ಮನೇ ಸರಿ. ಆದರೆ ಆ 4.7 ಕಿಲೋ ಓಮಿನ ಜೊತೆ ನೆಲಕ್ಕೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತುದಿಗೆ (ಗ್ರೌಂಡ್), ಹೋಗುವ 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮಾತ್ರ ಅದಲುಬದಲಾಗಬಾರದು. ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಹೆಚ್ಚು ವರ್ಧನೆ ಸಿಗದಂತೆ ತಡೆಯುವುದು ಇವೆರಡರ ಜೋಡಿ. ಟ್ಯೂಬ್ ಸ್ಕ್ರೀಮರಿನ ಆ ನಡುದನಿಯ ಗುಣ ಹುಟ್ಟುವುದೇ ಅಲ್ಲಿ. ಈ ಕೆಪ್ಯಾಸಿಟರಿನ ವಿಷಯಕ್ಕೆ ಮುಂದೆ ಬರುತ್ತೇನೆ, ನನ್ನ ಎರಡು ಸಂಜೆಗಳನ್ನು ಅದು ನುಂಗಿದೆ.

ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲೋ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲೋ ಇಳಿದು ನಡೆದುಹೋಗುವುದು ವಾಸಿ. ಬೈಕು ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಅರ್ಧ ಪಟ್ಟಿ ಖರೀದಿಸಿ ಮುಗಿದಿರುತ್ತದೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರದ ಬೆಳಗು ಒಳ್ಳೆಯದು. ಮಧ್ಯಾಹ್ನದ ಮೇಲೆ ಸಗಟು ಗಿರಾಕಿಗಳ ಚೀಟಿಗಳು ಕೌಂಟರಿಗೆ ಬಂದು ಬೀಳುತ್ತವೆ. ಎರಡು ರೆಸಿಸ್ಟರ್ ಕೇಳುವವನ ಕಡೆಗೆ ಆಗ ಯಾರೂ ತಿರುಗಿಯೂ ನೋಡುವುದಿಲ್ಲ. ಅದನ್ನು ದೂರೆಂದು ಹೇಳುತ್ತಿಲ್ಲ. ಪೈಸೆಗಳ ಲೆಕ್ಕದ ಸಾಮಾನನ್ನು ಬಿಡಿಯಾಗಿ ಎಣಿಸಿ ಕೊಡುವುದೇ ಅವರು ಮಾಡುವ ಉಪಕಾರ. ರೆಸಿಸ್ಟರನ್ನು ಹತ್ತರ ಲೆಕ್ಕದಲ್ಲಿ ತೆಗೆದುಕೊಳ್ಳಿ, ಪಟ್ಟಿಯನ್ನು ಓಮ್ ಅಳತೆಯ ಏರಿಕೆ ಕ್ರಮದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗಿ, ಹಾಳೆಯನ್ನೇ ಕೌಂಟರಿನ ಮೇಲಿಡಿ. ನಾನು ಮೊದಲ ದಿನ ಬಾಯಲ್ಲಿ ಹೇಳಿ ಕೊಂಡೆ, ಅದು ನನ್ನ ತಪ್ಪು. ಶೇಕಡ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳು ಕೇಳಿದರೆ ಸಿಗುತ್ತವೆ, ಕೇಳದಿದ್ದರೆ ಶೇಕಡ 5ರ ಕಾರ್ಬನ್ ಫಿಲ್ಮ್ ಬರುತ್ತವೆ. ಓವರ್‌ಡ್ರೈವಿಗೆ ಎರಡೂ ನಡೆಯುತ್ತವೆ.

ಟ್ರಾನ್ಸಿಸ್ಟರಿನಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂಲ ಸರ್ಕ್ಯೂಟಿನ ಆರಂಭದಲ್ಲೂ ಕೊನೆಯಲ್ಲೂ ಬಫರ್ ಆಗಿ, ಅಂದರೆ ಸದ್ದು ದುರ್ಬಲವಾಗದಂತೆ ಮುಂದಕ್ಕೆ ದಾಟಿಸಲು, ಕೂರುವುದು 2ಎಸ್‌ಸಿ 1815. ಅದು ಇಲ್ಲವೆಂದಾಗ ಅಂಗಡಿಯವರು ಬಿಸಿ 547 ಕೊಡುತ್ತಾರೆ, ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಚಪ್ಪಟೆ ಮುಖವನ್ನು ನಮ್ಮ ಕಡೆ ಹಿಡಿದು ಎಡದಿಂದ ಓದಿದರೆ 1815ರಲ್ಲಿ ಎಮಿಟರ್, ಕಲೆಕ್ಟರ್, ಬೇಸ್ ಇರುವಲ್ಲಿ 547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್ ಇರುತ್ತವೆ. ತಿರುಗಿಸಿ ಹಾಕಿದರೂ ಹೊಂದುವುದಿಲ್ಲ, ಕಾಲುಗಳನ್ನು ಬಾಗಿಸಿ ಒಂದರ ಜಾಗಕ್ಕೆ ಇನ್ನೊಂದನ್ನು ತರಬೇಕು. ‘ಈಕ್ವಿವಲೆಂಟ್’ ಎಂಬ ಪದಕ್ಕೆ ಈ ರಸ್ತೆಯಲ್ಲಿ ವಿದ್ಯುತ್ತಿನ ಅರ್ಥ ಮಾತ್ರ ಇದೆ, ಕಾಲುಗಳ ಜವಾಬ್ದಾರಿ ಗಿರಾಕಿಯದು.

ಈಗ ಪಾಟ್, ಜ್ಯಾಕ್, ಸ್ವಿಚ್ ಮತ್ತು ಡಬ್ಬಿಯ ವಿಷಯ. ಇಲ್ಲಿ ಹೊಗಳುವುದು ಕಷ್ಟ. ಪಾಟುಗಳು ಹೇರಳವಾಗಿವೆ, ಆದರೆ ಅವೆಲ್ಲ ಆಂಪ್ಲಿಫೈಯರ್ ಜೋಡಿಸುವವರಿಗೆಂದು ತರಿಸಿದವು: 10, 47, 100 ಕಿಲೋ ಓಮಿನವು ರಾಶಿ ರಾಶಿ, ಟೋನಿಗೆ ಬೇಕಾದ 20 ಕಿಲೋ ಓಮಿನದು ಇಲ್ಲ, 22 ಸಿಕ್ಕಿತು. ಮೈಮೇಲೆ ‘ಎ’ ಎಂದಿದ್ದರೆ ಲಾಗ್ (ತಿರುಗಿಸಿದಂತೆ ಮೊದಲು ನಿಧಾನ, ಆಮೇಲೆ ವೇಗವಾಗಿ ಏರುವುದು), ‘ಬಿ’ ಎಂದಿದ್ದರೆ ಲೀನಿಯರ್ (ಒಂದೇ ಸಮನೆ ಏರುವುದು) ಎಂಬ ಏಷ್ಯಾದ ಪದ್ಧತಿಯೇ ಇಲ್ಲಿಯೂ ಇರಬೇಕು, ಆದರೆ ಮುದ್ರೆಯನ್ನು ನಂಬದೆ ಮೀಟರಿನಲ್ಲಿ ಅಳೆಯಿರಿ. ಗುಂಡಿಯನ್ನು ನಟ್ಟನಡುವೆ ನಿಲ್ಲಿಸಿ ಮಧ್ಯದ ಕಾಲಿನಿಂದ ಎರಡೂ ಕಡೆಗೆ ನೋಡಿದಾಗ ಹೆಚ್ಚುಕಡಿಮೆ ಸಮನಾಗಿದ್ದರೆ ಲೀನಿಯರ್. ನಾನು ಲಾಗ್ ಎಂದು ಕೊಂಡ ಎರಡರಲ್ಲಿ ಒಂದು ಲೀನಿಯರ್ ಆಗಿತ್ತು.

ಕಾಲಲ್ಲಿ ಒತ್ತುವ ಸ್ವಿಚ್ಚು, ಒಂಬತ್ತು ಕಾಲಿನ 3ಪಿಡಿಟಿ, ಎರಡೇ ಅಂಗಡಿಗಳಲ್ಲಿ ಸಿಕ್ಕಿತು. ಅಂಗಡಿಯವರು ಅದನ್ನು ತೆಗೆದದ್ದು ಧೂಳು ಹಿಡಿದ ಡಬ್ಬಿಯಿಂದ. ಇಡೀ ಪೆಡಲಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಭಾಗ ಇದೇ, ಇಡೀ ಪಟ್ಟಿಯಲ್ಲಿ ಗುಣಮಟ್ಟದ ಭರವಸೆ ಅತಿ ಕಡಿಮೆ ಇರುವುದೂ ಇದಕ್ಕೇ. ಒತ್ತಿದಾಗ ಖಟ್ಟೆಂಬ ಸದ್ದು ಬಂದರೆ ಸಾಲದು. ಒಂಬತ್ತು ಕಾಲುಗಳೂ ಎರಡೂ ಸ್ಥಿತಿಯಲ್ಲಿ ಸರಿಯಾಗಿ ಕೂಡುತ್ತವೆಯೇ ಎಂದು ಮಲ್ಟಿಮೀಟರಿನ ಬೀಪ್ ಸದ್ದಿನಲ್ಲಿ ಅಂಗಡಿಯಲ್ಲೇ ಪರೀಕ್ಷಿಸಬೇಕು. ಹಾಗೆ ಮಾಡುತ್ತೇನೆಂದಾಗ ಒಬ್ಬರು ಮುಖ ಸಿಂಡರಿಸಿದರು, ಇನ್ನೊಬ್ಬರು ತಮ್ಮದೇ ಮೀಟರ್ ಕೊಟ್ಟರು. ಎರಡನೆಯವರ ಬಳಿ ಎರಡು ಕೊಂಡೆ. ಮನೆಗೆ ಬಂದು ಮೊದಲನೆಯದನ್ನು ಕೆಡಿಸಿದ್ದು ನಾನೇ: ದಪ್ಪ ತಂತಿ, ತಡವಾಗಿ ಕರಗಿದ ಸೀಸ, ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಒತ್ತಿಹಿಡಿದ ಐರನ್, ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ವಾಲಿತು. ಈ ಸ್ವಿಚ್ಚಿಗೆ ತೆಳು ತಂತಿ ಬಳಸಿ, ಮೊದಲೇ ತಂತಿಗೂ ಕಾಲಿಗೂ ಬೇರೆ ಬೇರೆಯಾಗಿ ಸೀಸ ಹತ್ತಿಸಿಟ್ಟು, ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಬೇಕು, ಮುಂದಿನ ಕಾಲಿಗೆ ಹೋಗುವ ಮೊದಲು ಆರಲು ಬಿಡಬೇಕು.

ಕಾಲಿಂಚಿನ ಜ್ಯಾಕುಗಳಲ್ಲಿ ಇನ್ನೊಂದು ತೊಡಕಿದೆ. ಇನ್‌ಪುಟ್ ಕಡೆಗೆ ಸ್ಟೀರಿಯೊ ಜ್ಯಾಕ್ ಬೇಕು. ಗಿಟಾರಿನ ಮೋನೊ ಪಿನ್ ಚುಚ್ಚಿದಾಗ ಜ್ಯಾಕಿನ ರಿಂಗ್ ಕಾಲು ನೆಲಕ್ಕೆ ತಗುಲಿ ಬ್ಯಾಟರಿಯ ಋಣ ತುದಿ ಸೇರಿಕೊಳ್ಳುತ್ತದೆ, ಕೇಬಲ್ ತೆಗೆದಾಗ ಬ್ಯಾಟರಿ ಕಡಿದುಕೊಳ್ಳುತ್ತದೆ. ‘ಮೈಕ್ ಜ್ಯಾಕ್’ ಎಂದು ಕೇಳಿದರೆ ಸಿಗುವ ಪ್ಲಾಸ್ಟಿಕ್ ಮೈಯ ಜ್ಯಾಕಿನಲ್ಲಿ ಎಲೆ-ಸ್ಪ್ರಿಂಗ್ ತೆಳ್ಳಗಿದ್ದು ಆರು ತಿಂಗಳಲ್ಲಿ ಹಿಡಿತ ಬಿಡುತ್ತದೆ. ತೆರೆದ ಲೋಹದ ಜ್ಯಾಕುಗಳು ಒಂದು ಅಂಗಡಿಯಲ್ಲಿ ಮಾತ್ರ ಇದ್ದವು. ಅಲ್ಲಿದ್ದ ಆರನ್ನೂ ಕೊಂಡೆ, ಅದಕ್ಕೆ ಪಶ್ಚಾತ್ತಾಪವಿಲ್ಲ. ಅಚ್ಚಿನ ಅಲ್ಯೂಮಿನಿಯಂ ಡಬ್ಬಿಗೆ, ಅಂದರೆ 112ಕ್ಕೆ 60 ಮಿಲಿಮೀಟರ್ ಅಳತೆಯ 1590ಬಿ ಮಾದರಿಗೆ, ಬೀದಿಯುದ್ದಕ್ಕೂ ಕೇಳಿ ಕೊನೆಗೆ ಒಂದು ಕಡೆ ಸ್ವಲ್ಪ ದೊಡ್ಡ ಅಳತೆಯದು ಸಿಕ್ಕಿತು. ಪ್ಲಾಸ್ಟಿಕ್ ಡಬ್ಬಿ ಸಾಕೆಂದು ಒತ್ತಾಯಿಸಿದವರು ಹಲವರು; ಒಪ್ಪಬೇಡಿ, ನೆಲಕ್ಕೆ ಜೋಡಿಸಿದ ಲೋಹದ ಗೋಡೆ ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯೆಲ್ಲ ಹಲವು ಪಟ್ಟು ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ. ತೂತು ಕೊರೆಯುವ ಮೆಟ್ಟಿಲು ಬಿಟ್ ಬೇಕಾದರೆ ಪಕ್ಕದ ಎಸ್.ಜೆ.ಪಿ. ರಸ್ತೆಗೆ ಹೋಗಬೇಕು.

ಅಡಾಪ್ಟರ್ ಕೊಳ್ಳುವವರಿಗೆ ಒಂದು ಮಾತು. ಗಿಟಾರ್ ಪೆಡಲುಗಳ ರೂಢಿ 9 ವೋಲ್ಟ್, ಒಳಗಿನ ಪಿನ್ ಋಣ, ಹೊರಗಿನ ಕೊಳವೆ ಧನ. ಈ ರಸ್ತೆಯಲ್ಲಿ ಸಿಗುವ ರೂಟರ್, ಸೆಟ್‌ಟಾಪ್ ಬಾಕ್ಸುಗಳ ಅಡಾಪ್ಟರುಗಳು ಸಾಮಾನ್ಯವಾಗಿ ಅದಕ್ಕೆ ಉಲ್ಟಾ. ಸಾಕೆಟ್ ಮಾತ್ರ ಒಂದೇ ಅಳತೆ, ತಟಕ್ಕನೆ ಒಳಗೆ ಕೂರುತ್ತದೆ. ಒಂದು 1ಎನ್ 5817 ಡಯೋಡನ್ನು ದಾರಿಯಲ್ಲಿ ಸರಣಿಯಾಗಿ ಹಾಕಿದರೆ ಸ್ವಲ್ಪವೇ ವೋಲ್ಟೇಜ್ ಕಳೆದುಕೊಂಡು ಐಸಿಯ ಪ್ರಾಣ ಉಳಿಸಿಕೊಳ್ಳಬಹುದು.

ಜೋಡಣೆಗೆ ತಾಮ್ರದ ಪಟ್ಟಿಗಳಿರುವ ವೆರೋ ಬೋರ್ಡ್ ಬಳಸಿದೆ. ಮೊದಲ ಸಲ ಕರೆಂಟ್ ಕೊಟ್ಟಾಗ ಬೈಪಾಸಿನಲ್ಲಿ, ಅಂದರೆ ಪೆಡಲ್ ಆಫ್ ಇರುವಾಗ, ಗಿಟಾರ್ ಸರಿಯಾಗಿ ಕೇಳಿಸಿತು, ಪೆಡಲ್ ಒತ್ತಿದರೆ ಎಲ್‌ಇಡಿ ಹೊತ್ತಿತು, ಸದ್ದು ಮಾತ್ರ ಪೂರ್ತಿ ಹೋಯಿತು. ಇಂಥ ಹೊತ್ತಿನಲ್ಲಿ ಕಂಡಕಂಡ ಬೆಸುಗೆಗೆಲ್ಲ ಮತ್ತೆ ಐರನ್ ಮುಟ್ಟಿಸುವ ಚಪಲ ಬರುತ್ತದೆ. ಅದನ್ನು ತಡೆದುಕೊಂಡು ಕಪ್ಪು ಪ್ರೋಬನ್ನು ನೆಲಕ್ಕೆ ಕಚ್ಚಿಸಿ ಐಸಿಯ ಎಂಟೂ ಕಾಲುಗಳ ವೋಲ್ಟೇಜ್ ಬರೆದುಕೊಂಡೆ. 8ನೆಯ ಕಾಲಿನಲ್ಲಿ 9, 4ನೆಯದರಲ್ಲಿ ಸೊನ್ನೆ, ಉಳಿದ ಆರರಲ್ಲಿಯೂ ಸುಮಾರು 4.5 ವೋಲ್ಟ್ ಇರಬೇಕು. ನನ್ನ 5ನೆಯ ಕಾಲಿನಲ್ಲಿ ಸೊನ್ನೆ ಇತ್ತು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಎರಡು 10 ಕಿಲೋ ಓಮ್ ರೆಸಿಸ್ಟರುಗಳು 9 ವೋಲ್ಟನ್ನು ಸರಿಪಾಲು ಮಾಡಿ 4.5 ಕೊಡಬೇಕಾದ ಬಿಂದುವಿನಲ್ಲಿ 3 ವೋಲ್ಟ್ ಕಂಡಿತು. ಹಾಳೆಯ ಮೇಲೆ ಲೆಕ್ಕ ಹಾಕಿದಾಗ ಅರ್ಥವಾಯಿತು: ಆ ಬಿಂದುವಿನಿಂದ 5ನೆಯ ಕಾಲಿಗೆ ಹೋಗುವ ಇನ್ನೊಂದು 10 ಕಿಲೋ ಓಮ್ ರೆಸಿಸ್ಟರ್ ಇದೆ, ಆ ಕಾಲು ನೆಲಕ್ಕೆ ತಗುಲಿದರೆ ಕೆಳಗಿನ 10ಕ್ಕೆ ಅದು ಸಮಾನಾಂತರವಾಗಿ 5 ಕಿಲೋ ಓಮ್ ಆಗುತ್ತದೆ, 9 ವೋಲ್ಟಿನಲ್ಲಿ ಮೂರನೆಯ ಒಂದು ಪಾಲಷ್ಟೇ ಉಳಿಯುತ್ತದೆ. ಅಂದರೆ ಐಸಿ ಸುಟ್ಟಿಲ್ಲ, 5ನೆಯ ಕಾಲು ಎಲ್ಲೋ ನೆಲ ಮುಟ್ಟುತ್ತಿದೆ. ವೆರೋ ಬೋರ್ಡಿನಲ್ಲಿ 4 ಮತ್ತು 5ನೆಯ ಕಾಲುಗಳು ಎದುರುಬದುರಾಗಿ ಒಂದೇ ತಾಮ್ರದ ಪಟ್ಟಿಯ ಮೇಲೆ ಕೂರುತ್ತವೆ, ನಡುವೆ ಪಟ್ಟಿಯನ್ನು ಕಡಿಯಬೇಕು. ಮೂರನ್ನು ಕಡಿದಿದ್ದೆ, ನಾಲ್ಕನೆಯದನ್ನು ಮೇಲಿನ ತಾಮ್ರ ಹೋಗುವಷ್ಟು ಮಾತ್ರ ಕೆರೆದಿದ್ದೆ. ಕೂದಲೆಳೆಯಷ್ಟು ತಾಮ್ರ ಅಂಚಿನಲ್ಲಿ ಉಳಿದಿತ್ತು. ಬ್ಲೇಡಿನ ಒಂದು ಗೀರಿಗೆ ಪೆಡಲ್ ಮಾತಾಡಿತು.

ಮಾತಾಡಿತು, ಆದರೆ ಮೂಗು ಕಟ್ಟಿದವರಂತೆ. ದಪ್ಪ ತಂತಿಗಳನ್ನು ಮೀಟಿದಾಗ ಸ್ವರಕ್ಕಿಂತ ಗೊಗ್ಗರು ಹೆಚ್ಚು, ಕಾರ್ಡ್ ಹಿಡಿದರೆ ರಾಡಿ. ವೋಲ್ಟೇಜುಗಳೆಲ್ಲ ಸರಿಯಿದ್ದವು. ಇಂಥಲ್ಲಿ ಕೆಲಸಕ್ಕೆ ಬರುವುದು ಆಡಿಯೊ ಪ್ರೋಬ್: ಒಂದು ಹಳೆಯ ಕೇಬಲಿನ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸೆದು, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಕೊಟ್ಟು, ಗಿಟಾರಿನ ಸದ್ದು ಸರ್ಕ್ಯೂಟಿನ ಎಲ್ಲಿವರೆಗೆ ಚೆನ್ನಾಗಿದೆ ಎಂದು ಬಿಂದುವಿನಿಂದ ಬಿಂದುವಿಗೆ ಕೇಳುತ್ತಾ ಹೋಗುವುದು. ಬಫರಿನ ನಂತರ ಸದ್ದು ಶುದ್ಧ, 3ನೆಯ ಕಾಲಿನಲ್ಲಿ ಶುದ್ಧ, 1ನೆಯ ಕಾಲಿನಲ್ಲಿ ರಾಡಿ. ಆ ಹಂತದಲ್ಲಿರುವುದೇ ಬೆರಳೆಣಿಕೆಯ ಭಾಗಗಳು. ಎರಡನೆಯ ಸಂಜೆ ಭೂತಗನ್ನಡಿ ಹಿಡಿದು ನೋಡಿದಾಗ, 473 ಎಂದಿರಬೇಕಾದ ಕೆಪ್ಯಾಸಿಟರಿನ ಮೇಲೆ 474 ಎಂದಿತ್ತು. 0.047ರ ಬದಲು 0.47 ಮೈಕ್ರೋಫ್ಯಾರಡ್, 720 ಹರ್ಟ್ಸ್ ಎಂಬ ಗಡಿ 72ಕ್ಕೆ ಇಳಿದಿತ್ತು. ಗಿಟಾರಿನ ಅತಿ ದಪ್ಪ ತಂತಿಯ ಸ್ವರವೇ ಸುಮಾರು 82 ಹರ್ಟ್ಸ್, ಅಂದರೆ ಎಲ್ಲ ಮಂದ್ರವೂ ತಡೆಯಿಲ್ಲದೆ ನುಗ್ಗಿ ಡಯೋಡುಗಳನ್ನು ತುಂಬುತ್ತಿತ್ತು. ಪೊಟ್ಟಣದ ಮೇಲೆ ಅಂಗಡಿಯವರು ಪೆನ್ನಿನಲ್ಲಿ ಬರೆದದ್ದು 473 ಎಂದೇ. ಒಳಗಿದ್ದ ನಾಲ್ಕೂ 474. ಮುಂದಿನ ಶನಿವಾರ ಒಯ್ದು ತೋರಿಸಿದಾಗ ಒಂದು ಮಾತೂ ಆಡದೆ ಬದಲಿಸಿ ಕೊಟ್ಟರು, ತಪ್ಪಾಯಿತೆಂದು ಮಾತ್ರ ಅನ್ನಲಿಲ್ಲ. ಕೆಪ್ಯಾಸಿಟರ್ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರನ್ನು ನಾನು ಕೊಂಡದ್ದು ಅದೇ ದಿನ, ಅದೇ ಅಂಗಡಿಯಲ್ಲಿ. ಅವರ ವ್ಯಾಪಾರಕ್ಕೇನೂ ನಷ್ಟವಾಗಲಿಲ್ಲ.

ಸ್ವಿಚ್ ಒತ್ತಿದಾಗ ಬರುತ್ತಿದ್ದ ಟಪ್ ಸದ್ದು ಇನ್‌ಪುಟ್ಟಿನಲ್ಲೂ ಔಟ್‌ಪುಟ್ಟಿನಲ್ಲೂ ನೆಲಕ್ಕೆ ಒಂದೊಂದು ಮೆಗಾ ಓಮ್ ಹಾಕಿದ ಮೇಲೆ ಬಹುಮಟ್ಟಿಗೆ ಅಡಗಿತು.

ಈ ಓಡಾಟದಲ್ಲಿ ಸಿಕ್ಕ ಒಂದು ವಸ್ತುವಿನ ಬಗ್ಗೆ ಬರೆಯದಿರಲಾರೆ. ಒಂದು ಒಳಗಲ್ಲಿಯ ಹಳೆಯ ಅಂಗಡಿಯಲ್ಲಿ, ರೇಡಿಯೊ ದುರಸ್ತಿಯ ಕಾಲದ ಉಳಿಕೆಗಳ ನಡುವೆ, ಬಿಇಎಲ್ ಮುದ್ರೆಯ ಎಸಿ 128 ಟ್ರಾನ್ಸಿಸ್ಟರುಗಳಿದ್ದವು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಜರ್ಮೇನಿಯಂ ಸೆಮಿಕಂಡಕ್ಟರುಗಳ ತಯಾರಿಕೆ ಆರಂಭಿಸಿದ್ದು 1962ರಲ್ಲಿ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆ ಹೊರತಂದ ಫಝ್ ಫೇಸ್ ಪೆಡಲ್ ಕಟ್ಟುವವರು ಇಂದು ಹುಡುಕುವುದು ಇಂಥ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೇ. ಐದು ತಂದೆ. ಮೀಟರಿನಲ್ಲಿ ಟ್ರಾನ್ಸಿಸ್ಟರಿನ ವರ್ಧನೆ ಅಳೆಯುವ ಎಚ್ಎಫ್ಇ ಸಾಕೆಟ್ ತೋರಿಸುವ ಅಂಕಿಯಲ್ಲಿ ಸೋರಿಕೆಯ ಕರೆಂಟೂ ಸೇರಿರುತ್ತದೆ, ಆದ್ದರಿಂದ ಅದು ತೋರುವಷ್ಟು ವರ್ಧನೆ ನಿಜಕ್ಕೂ ಇರುವುದಿಲ್ಲ; ನನ್ನ ಐದರಲ್ಲಿ ಎರಡು ಬರೀ ಸೋರುವವು. ಸೋರಿಕೆ ಬಿಸಿಯೊಂದಿಗೆ ಏರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಹಾಡುವ ಜರ್ಮೇನಿಯಂ ಪೆಡಲ್ ಏಪ್ರಿಲ್ಲಿನ ಕಲಬುರಗಿಯ ಬಯಲು ವೇದಿಕೆಯಲ್ಲಿ ಕೆಮ್ಮಿದರೆ ಆಶ್ಚರ್ಯಪಡಬೇಕಿಲ್ಲ. ಜೊತೆಗೆ ಇವು ಪಿಎನ್‌ಪಿ ಜಾತಿಯವಾದ್ದರಿಂದ ಧನ ತುದಿಯನ್ನು ನೆಲವಾಗಿಸಿಕೊಂಡ ಸರ್ಕ್ಯೂಟಿನಲ್ಲಿ ಕೂರುತ್ತವೆ; ಉಳಿದ ಪೆಡಲುಗಳ ಅಡಾಪ್ಟರಿಗೇ ಕವಲು ಹಾಕಿ ಇದಕ್ಕೂ ಕೊಟ್ಟರೆ ಶಾರ್ಟ್ ಆಗುತ್ತದೆ. ಬ್ಯಾಟರಿಯೇ ಗತಿ.

ಲೆಕ್ಕಕ್ಕೆ ಬರುವುದಾದರೆ, ಓವರ್‌ಡ್ರೈವಿನ ಬೋರ್ಡಿನ ಮೇಲೆ ಕೂತ ಎಲ್ಲ ಭಾಗಗಳಿಗೂ ಸೇರಿ ನನಗೆ ಇನ್ನೂರು ರೂಪಾಯಿ ಮುಟ್ಟಲಿಲ್ಲ. ಡಬ್ಬಿ, ಸ್ವಿಚ್ಚುಗಳು, ಜ್ಯಾಕುಗಳು, ಗುಂಡಿಗಳು ಸೇರಿ ಅದರ ನಾಲ್ಕು ಪಟ್ಟು ದಾಟಿತು. ಕೆಡಿಸಿದ್ದನ್ನೂ ಸೇರಿಸಿದರೂ ಹೊಸ ಟ್ಯೂಬ್ ಸ್ಕ್ರೀಮರಿನ ಬೆಲೆಯ ಹತ್ತಿರವೂ ಸುಳಿಯಲಿಲ್ಲ. ನಾದದ ಮಟ್ಟಿಗೆ, ಗೆಳೆಯನೊಬ್ಬನ ಬಳಿಯಿರುವ ಅಸಲಿ ಪೆಡಲಿನ ಪಕ್ಕ ಇಟ್ಟು ಕಣ್ಣು ಮುಚ್ಚಿಸಿ ಕೇಳಿಸಿದಾಗ ಅವನು ಐದರಲ್ಲಿ ಮೂರು ಸಲ ಸರಿ ಹೇಳಿದ, ಎರಡು ಸಲ ತಪ್ಪಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು ಎಂದು ನಾನು, ತನಗೆ ಗೊತ್ತಾಗಿತ್ತು ಎಂದು ಅವನು.

ಮೊದಲ ಬಾರಿಗೆ ಐರನ್ ಹಿಡಿಯುವವರಿಗೆ ಈ ದಾರಿಯನ್ನು ಹೇಳಲಾರೆ. ಅಚ್ಚು ಹಾಕಿದ ಬೋರ್ಡೂ ಎಣಿಸಿಟ್ಟ ಭಾಗಗಳೂ ಇರುವ ಕಿಟ್ ಒಂದನ್ನು ಮೊದಲು ಕಟ್ಟಿದರೆ ತಪ್ಪು ತಮ್ಮದೋ ಅಂಗಡಿಯದೋ ಎಂಬ ಗೊಂದಲವಾದರೂ ತಪ್ಪುತ್ತದೆ. ಎರಡನೆಯ ಪೆಡಲಿಗೆ ಎಸ್.ಪಿ. ರಸ್ತೆಗೆ ಹೋಗಿ, ಮೀಟರ್ ಜೇಬಿನಲ್ಲಿರಲಿ. ನನ್ನ ಪೆಡಲಿಗೆ ಈಗ ಎಂಟು ತಿಂಗಳು. ಐಸಿ, ಡಯೋಡು, ಟ್ರಾನ್ಸಿಸ್ಟರುಗಳು ಮೊದಲ ದಿನದಂತೆಯೇ ಇವೆ. ಕಾಲಿನ ಸ್ವಿಚ್ ಕಳೆದ ತಿಂಗಳಿನಿಂದ ಮೂರು ಒತ್ತಿಗೆ ಒಂದು ಸಲ ಎಲ್‌ಇಡಿ ಹೊತ್ತಿಸಿ ಸದ್ದು ಕೊಡದೆ ಸತಾಯಿಸುತ್ತಿದೆ. ಕೊಂಡಿದ್ದ ಎರಡರಲ್ಲಿ ಇದು ಉಳಿದಿದ್ದ ಎರಡನೆಯದು. ಬದಲಿಗೆ ಬೇಕಾದದ್ದನ್ನು ಈ ಸಲ ಬೇರೆ ಕಡೆಯಿಂದ ತರಿಸಿದ್ದೇನೆ.